ಮೇಸ್ತ್ರಿಯ ಮೂಗು

ನಮ್ಮ ಕಟ್ಟಡದಲ್ಲಿ ಯಾರೋ ಗಾಂಜಾ ಸೇದುತ್ತಿದ್ದಾರೆ ಎಂದು ಮೊದಲು ದೂರು ಕೊಟ್ಟವಳು ಮೂರನೇ ಮಹಡಿಯ ಬಾಣಂತಿ. ಬಾಣಂತಿ ಎಂದರೆ ಮಂಚದ ಮೇಲೆ ಮಲಗಿ ಆರೈಕೆ ಮಾಡಿಸಿಕೊಳ್ಳುವವಳು ಎಂದುಕೊಳ್ಳಬೇಡಿ. ಎರಡು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು ಮೂರು ಮಹಡಿ ಇಳಿದು ಬಂದು, ಅವಳು ನನ್ನ ಕೋಣೆಯ ಬಾಗಿಲು ಬಡಿದ ರಭಸಕ್ಕೆ ಗೋಡೆಗೆ ತೂಗುಹಾಕಿದ್ದ ಬೀಗದ ಕೈಗಳೆಲ್ಲ ಕುಣಿದವು.

"ಮೇಸ್ತ್ರಿಗಳೇ, ದಿನಾ ಸಂಜೆ ಏಳು ಗಂಟೆಗೆ ನಮ್ಮ ಬಚ್ಚಲಲ್ಲಿ ಗಾಂಜಾ ಹೊಗೆ. ನನ್ನ ಮಗು ಅದನ್ನೇ ಉಸಿರಾಡ್ತಿದೆ. ಇವತ್ತು ನೀವೇ ಬಂದು ಮೂಸಿ ನೋಡಿ."

ಬೇರೆ ಏನು ಮಾಡು ಎಂದಿದ್ದರೂ ಮಾಡುತ್ತಿದ್ದೆ. ಮೂಸಿ ನೋಡಿ ಎಂದದ್ದಕ್ಕೆ ನನ್ನ ಎದೆ ಧಸಕ್ಕೆಂದಿತು.

ಯಾಕೆ ಎಂದು ಹೇಳುತ್ತೇನೆ. ಮೂವತ್ತು ವರ್ಷ ನಲ್ಲಿ, ಚರಂಡಿ, ಪೈಪು ಎಂದು ಮನೆಮನೆ ತಿರುಗಿದವನು ನಾನು. ಅದಕ್ಕೇ ಎಲ್ಲರಿಗೂ ಮೇಸ್ತ್ರಿ. ಬೆನ್ನು ಇನ್ನಾಗದು ಎಂದ ಮೇಲೆ ಈ ನಾಲ್ಕು ಮಹಡಿಯ ಬಾಡಿಗೆ ಕಟ್ಟಡ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಕೆಲಸದ ಜೊತೆಗೆ ನೆಲಮಹಡಿಯಲ್ಲಿ ಒಂದು ಕೋಣೆ, ಒಂದು ಪುಟ್ಟ ಅಡುಗೆಮನೆ. ನನಗೂ ನನ್ನ ಹೆಂಡತಿಗೂ ಇರುವ ಸೂರು ಅದೊಂದೇ. ನನ್ನ ಹಿಂದಿನವನ ಕಾಲದಲ್ಲಿ ಮೊದಲ ಮಹಡಿಯಲ್ಲಿ ಗ್ಯಾಸು ಸೋರಿತ್ತು. ಅವನಿಗೆ ನೆಗಡಿಯೋ ಎಣ್ಣೆಯೋ, ಅಂತೂ ಗೊತ್ತಾಗಲಿಲ್ಲ. ಒಂದು ಅಡುಗೆಮನೆ ಸುಟ್ಟು ಕರಕಲಾಯಿತು, ಅವನ ಕೆಲಸವೂ ಹೋಯಿತು. ಹಾಗಾಗಿ ಓನರಮ್ಮ ನನ್ನನ್ನು ಸೇರಿಸಿಕೊಳ್ಳುವಾಗ ಓದು ಕೇಳಲಿಲ್ಲ, ವಯಸ್ಸು ಕೇಳಲಿಲ್ಲ. "ಮೂಗು ಹೇಗಿದೆ?" ಎಂದು ಕೇಳಿದರು.

"ನಿಮ್ಮ ಚೀಲದಲ್ಲಿ ಒಂದು ನಿಂಬೆಹಣ್ಣಿದೆಯಮ್ಮ. ಕೊಳೆಯೋಕೆ ಶುರುವಾಗಿದೆ" ಎಂದೆ.

ಚೀಲ ಬುಡಮೇಲು ಮಾಡಿ ನೋಡಿದರು. ತಳದಲ್ಲಿ ಇತ್ತು. ಅಂದಿನಿಂದ ನನ್ನ ಮೂಗಿಗೆ ಈ ಕಟ್ಟಡದಲ್ಲಿ ಭಾರೀ ಮರ್ಯಾದೆ. ಸುಳ್ಳಲ್ಲ, ಒಳ್ಳೆಯ ಮೂಗೇ ಅದು. ನನ್ನ ಹೆಂಡತಿ ತಲೆಗೆ ಹಚ್ಚುವ ಕರ್ಪೂರದ ಎಣ್ಣೆ ಬೀದಿ ಬಾಗಿಲಿಗೇ ನನಗೆ ಗೊತ್ತಾಗುತ್ತಿತ್ತು. "ಔಷಧಿ ಅಂಗಡಿ ಬಾಗಿಲು ತೆರೀತು" ಎಂದು ಹೇಳಿಕೊಂಡೇ ಒಳಗೆ ಬರುತ್ತಿದ್ದೆ. ಮದುವೆಯಾದಾಗಿನಿಂದ ಅದೇ ಗೇಲಿ, ಅವಳದು ಅದೇ ಹುಸಿಮುನಿಸು.

ಆ ಮೂಗು ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಒಂದು ವಾರ ಕೆಟ್ಟ ಜ್ವರ ಬಂತು. ಜ್ವರ ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಹಸಿ ಈರುಳ್ಳಿ ಕತ್ತರಿಸಿ ಮೂಗಿಗೆ ಹಿಡಿದೆ. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದೆ. ಯಾರಿಗೂ ಹೇಳಲಿಲ್ಲ. ಓನರಮ್ಮನಿಗೆ ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಕೋಣೆ ಹೋಗುತ್ತದೆ. ಹೆಂಡತಿಗೆ ಹೇಳಿದರೆ ಅವಳ ನಿದ್ದೆ ಹೋಗುತ್ತದೆ. ಅದಕ್ಕೇ ಊಟಕ್ಕೆ ಕೂತಾಗಲೆಲ್ಲ ತಟ್ಟೆಗೆ ಬಗ್ಗಿ "ಆಹಾ, ಘಮ್ ಅಂತಿದೆ ಕಣೇ" ಎನ್ನುತ್ತಿದ್ದೆ. ಗ್ಯಾಸಿನ ವಿಷಯದಲ್ಲಿ ಮಾತ್ರ ಆಟವಾಡಲಿಲ್ಲ. ವಾರಕ್ಕೊಮ್ಮೆ ಎಲ್ಲ ಮನೆಯ ಗ್ಯಾಸಿನ ಪೈಪಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದೆ. ಆದರೂ ವಾರದಲ್ಲಿ ಇನ್ನೂ ಆರು ದಿನ ಇರುತ್ತವೆ. ಎರಡು ಸಲ ಅನಾಹುತ ಕೂದಲೆಳೆಯಲ್ಲಿ ತಪ್ಪಿತ್ತು. ಒಮ್ಮೆ ಸೋರುವ ಒಲೆ, ಒಮ್ಮೆ ಬಟ್ಟೆಯ ಮೇಲೆ ಮರೆತುಬಿಟ್ಟ ಇಸ್ತ್ರಿಪೆಟ್ಟಿಗೆ. ಎರಡು ಸಲವೂ ಹೆಂಡತಿ ಸುಮ್ಮನೆ "ಒಂದು ಸಲ ಮೇಲೆ ಹೋಗಿ ನೋಡ್ಬನ್ನಿ" ಎಂದಿದ್ದಳು, ನಾನು ಹೋಗಿದ್ದೆ. ಅದೃಷ್ಟ ದೊಡ್ಡದು ಎಂದುಕೊಂಡಿದ್ದೆ.

ಏಳು ಗಂಟೆಗೆ ಮೂರನೇ ಮಹಡಿಗೆ ಹೋದೆ. ಬಾಣಂತಿ ಬಚ್ಚಲ ಬಾಗಿಲು ತೆರೆದು, ಮೇಲಿನ ಗಾಳಿಕಿಂಡಿಯತ್ತ ಕೈ ತೋರಿಸಿದಳು. ನಾನು ಅದರ ಕೆಳಗೆ ನಿಂತು, ಕಣ್ಣು ಮುಚ್ಚಿ, ಎರಡು ಸಲ ದೀರ್ಘವಾಗಿ ಉಸಿರೆಳೆದೆ. ಹೂವಿನ ಅಂಗಡಿಯವನೂ ಅಷ್ಟು ಗತ್ತಿನಿಂದ ಮೂಸಲಾರ. ಗಾಳಿ ತಣ್ಣಗಿತ್ತು, ಅಷ್ಟೇ ಗೊತ್ತಾದದ್ದು.

"ಬಂತಾ?"

"ಬಂತು."

"ಎಲ್ಲಿಂದ?"

ಇಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು. ಆದರೆ ನನ್ನ ಮೂಗಿಗೊಂದು ಹೆಸರಿತ್ತಲ್ಲ, ಅದನ್ನು ಉಳಿಸಬೇಕಿತ್ತು. ನಾಲ್ಕನೇ ಮಹಡಿಯಲ್ಲಿ ಜುಟ್ಟು ಇದ್ದಾನೆ ಎಂಬುದು ನೆನಪಾಯಿತು. ಉದ್ದ ಕೂದಲನ್ನು ನೆತ್ತಿಯ ಮೇಲೆ ಗಂಟು ಹಾಕಿಕೊಂಡು ತಿರುಗುವ ಹುಡುಗ. ಪಿಟೀಲು, ಗಿಟಾರು ರಿಪೇರಿ ಮಾಡುತ್ತಾನೆ. ಅಪ್ಪ ಅಮ್ಮ ಇಲ್ಲ, ಹತ್ತನೇ ತರಗತಿಯ ತಂಗಿಯನ್ನು ಅವನೇ ಓದಿಸುತ್ತಿದ್ದಾನೆ. ಆದರೆ ಅದೆಲ್ಲ ಆ ಕ್ಷಣಕ್ಕೆ ಹೊಳೆಯಲಿಲ್ಲ. ಕೂದಲು ಬಿಟ್ಟವನು ಗಾಂಜಾ ಬಿಟ್ಟಾನೆಯೇ, ಅಷ್ಟೇ ನನ್ನ ತರ್ಕ.

"ಮೇಲಿಂದ" ಎಂದೆ. ಇಬ್ಬರೂ ಮೇಲೆ ಹತ್ತಿದೆವು. ಜುಟ್ಟಿನ ಬಾಗಿಲ ಸಂದಿಗೆ ಮೂಗಿಟ್ಟು, "ಇಲ್ಲೇ" ಎಂದೆ.

"ನನಗೆ ಈಗ ಎಲ್ಲ ಕಡೆಗೂ ಅದೇ ವಾಸನೆ ಹೊಡೀತಿದೆ. ನೀವು ಹೇಳಿದ ಮೇಲೆ ಮುಗೀತು ಬಿಡಿ" ಎಂದಳು ಬಾಣಂತಿ.

ಮಾರನೆಯ ದಿನ ಓನರಮ್ಮನಿಗೆ ಪತ್ರ ಬರೆದೆ. "ನಾನೇ ಖುದ್ದಾಗಿ ನಾಲ್ಕನೇ ಮಹಡಿಯ ಬಾಗಿಲಲ್ಲಿ ಮೂಸಿ ಖಚಿತಪಡಿಸಿಕೊಂಡಿದ್ದೇನೆ." ಕೆಳಗೆ ಬಾಣಂತಿಯ ಸಹಿ. ಎರಡನೇ ಮಹಡಿಯ ಹಲ್ಲಿನ ಡಾಕ್ಟರು ಕೂಡ, ಕೇಳುವ ಮೊದಲೇ ಪೆನ್ನು ತೆಗೆದು ಸಹಿ ಹಾಕಿದರು. "ಈಗಿನ ಹುಡುಗರು ಮೇಸ್ತ್ರಿಗಳೇ, ಏನು ಹೇಳೋದು" ಎಂದು ತಲೆಯಾಡಿಸಿದರು. ಮೂರೇ ದಿನದಲ್ಲಿ ನೋಟಿಸು ಬಂತು. ಜುಟ್ಟು ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು.

ನೋಟಿಸು ಕೊಡಲು ನಾನೇ ಹೋದೆ. ಹುಡುಗ ಕೂಗಾಡುತ್ತಾನೆ ಎಂದು ಸಿದ್ಧನಾಗಿದ್ದೆ, ಅವನು ಕೂಗಾಡಲಿಲ್ಲ. ಕೈಯ ವಾರ್ನಿಷನ್ನು ಬಟ್ಟೆಯಲ್ಲಿ ಒರೆಸಿಕೊಂಡು ಎರಡು ಸಲ ಓದಿದ.

"ಅಂಕಲ್, ನಾನು ಬೀಡಿನೂ ಸೇದಲ್ಲ. ನಿಮ್ಮ ಮೂಗಿಗೆ ನಿಜವಾಗ್ಲೂ ಬಂತಾ?"

"ಬಂತಪ್ಪ."

"ನೀವು ಹೇಳಿದ್ರೆ ಇನ್ನು ಯಾರು ನನ್ನ ಮಾತು ಕೇಳ್ತಾರೆ" ಎಂದ. ಬೈದಿದ್ದರೆ ಸಿಟ್ಟು ಮಾಡಿಕೊಂಡು ಇಳಿದು ಬರಬಹುದಿತ್ತು.

ಆಮೇಲಿನ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಸಂಜೆ, ನನ್ನ ಹೆಂಡತಿ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಾಗ, ಜುಟ್ಟಿನ ತಂಗಿ ಬಂದಳು. ಶಾಲೆಯ ಬಟ್ಟೆಯಲ್ಲೇ ಇದ್ದಳು. ಕೈಯಲ್ಲೊಂದು ಚೀಲ. ಅದರಿಂದ ಮೂರು ಶರ್ಟು ತೆಗೆದು ನನ್ನ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು.

"ತಾತ, ಇವು ಅಣ್ಣ ಒಗೆಯೋಕೆ ಹಾಕಿದ್ದ ಶರ್ಟು. ಅವನಿಗೆ ಗೊತ್ತಿಲ್ಲ, ನಾನೇ ತಂದೆ. ಮೂಸಿ ನೋಡಿ. ಗಾಂಜಾ ವಾಸನೆ ಇದ್ರೆ ಇದೆ ಅಂತ ಹೇಳಿ, ನಾನೇ ಸಾಮಾನು ಕಟ್ತೀನಿ. ಇಲ್ದಿದ್ರೆ ಇಲ್ಲ ಅಂತ ಹೇಳಿ. ಮುಂದಿನ ತಿಂಗಳು ನನ್ನ ಪರೀಕ್ಷೆ ತಾತ."

ಒಂದು ಶರ್ಟು ಎತ್ತಿಕೊಂಡೆ. ಮುಖಕ್ಕೆ ಹಿಡಿದೆ. ಬಟ್ಟೆ ಒರಟಾಗಿತ್ತು, ತೋಳಿನ ತುದಿಯಲ್ಲಿ ಒಂದು ಗುಂಡಿ ಇರಲಿಲ್ಲ. ಅಷ್ಟು ಬಿಟ್ಟರೆ ಆ ಶರ್ಟು ನನಗೆ ಏನೂ ಹೇಳಲಿಲ್ಲ. ಹುಡುಗಿ ನನ್ನ ಮೂಗನ್ನೇ ನೋಡುತ್ತಿದ್ದಳು. ನನ್ನ ಮಾತೇ ಕೊನೆಯ ಮಾತು ಎಂದು ನಂಬಿ ಬಂದಿದ್ದಳು. ಇದೆ ಎಂದರೂ ಸುಳ್ಳು, ಇಲ್ಲ ಎಂದರೂ ಸುಳ್ಳು. ನನ್ನ ಜೀವನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

"ಕೊಡಿ ಇಲ್ಲಿ" ಎಂದು ಹೆಂಡತಿ ಎದ್ದು ಬಂದಳು. "ಗಂಡಸರಿಗೆ ಬಟ್ಟೆ ವಿಷಯ ಏನು ಗೊತ್ತಾಗುತ್ತೆ." ಒಂದೊಂದನ್ನೇ ಮೂಸಿದಳು. "ಬೆವರು. ವಾರ್ನಿಷು. ಇದರಲ್ಲಿ ಮರದ ಪುಡಿ. ಇಷ್ಟೇ ಕಣಮ್ಮ, ಇನ್ನೇನೂ ಇಲ್ಲ."

ಹುಡುಗಿ ಶರ್ಟುಗಳನ್ನು ವಾಪಸು ತೆಗೆದುಕೊಂಡು ಮಡಿಸತೊಡಗಿದಳು. ಒಗೆಯುವ ಬಟ್ಟೆಯನ್ನು ಅಷ್ಟು ನೀಟಾಗಿ ಯಾರು ಮಡಿಸುತ್ತಾರೆ! ಕಾಲರು ಸರಿಮಾಡಿ, ತೋಳು ಒಳಗೆ ಸೇರಿಸಿ, ಮೂರನ್ನೂ ಮಡಿಸಿ ಚೀಲಕ್ಕಿಟ್ಟುಕೊಂಡು ಹೋದಳು. ನಾನು ಬಾಗಿಲನ್ನೇ ನೋಡುತ್ತ ಕೂತೆ.

ಹೆಂಡತಿ ಮತ್ತೆ ಬೆಳ್ಳುಳ್ಳಿಯ ಮುಂದೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ, ತಲೆ ಎತ್ತದೆ, "ರೀ, ನೀವು ಮೂವತ್ತು ವರ್ಷ ಪೈಪಿನ ಕೆಲಸ ಮಾಡಿದೋರು. ನನಗೊಂದು ಹೇಳಿ. ಹೊಗೆ ಯಾವತ್ತಾದ್ರೂ ಮೇಲಿಂದ ಕೆಳಗೆ ಇಳಿಯುತ್ತಾ?" ಎಂದಳು.

ಕೆನ್ನೆಗೆ ಬಾರಿಸಿದ ಹಾಗಾಯಿತು. ಆ ಕಡೆಯ ಬಚ್ಚಲುಗಳ ಗಾಳಿಕಿಂಡಿಗಳೆಲ್ಲ ತೆರೆದುಕೊಳ್ಳುವುದು ಒಂದೇ ಗಾಳಿಗುಂಡಿಗೆ. ತಳದಿಂದ ತಾರಸಿಯವರೆಗೆ ಒಂದೇ ಕೊಳವೆ. ಬಿಸಿ ಹೊಗೆ ಮೇಲಕ್ಕೆ ಏರುತ್ತದೆ. ಮೂರನೇ ಮಹಡಿಗೆ ಹೊಗೆ ಬಂದರೆ ಕೆಳಗಿನಿಂದ ಬರಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ನಾನು ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಅದು. ಇಲ್ಲದ ಮೂಗನ್ನು ಇದೆ ಎಂದು ತೋರಿಸುವ ಗಡಿಬಿಡಿಯಲ್ಲಿ, ಇದ್ದ ತಲೆಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ.

ಮಾರನೆಯ ಸಂಜೆ ತೆಳು ಕಾಗದದ ಒಂದು ಪಟ್ಟಿ ಕತ್ತರಿಸಿಕೊಂಡು ಬಾಣಂತಿಯ ಬಚ್ಚಲಿಗೆ ಹೋದೆ. ಗಾಳಿಕಿಂಡಿಗೆ ಅದನ್ನು ಅಂಟಿಸಿದೆ. ಏಳಕ್ಕೆ ಐದು ನಿಮಿಷ ಇರುವಾಗ ಪಟ್ಟಿ ಸುಮ್ಮನೆ ಜೋತುಬಿದ್ದಿತ್ತು. ಏಳು ಹೊಡೆದದ್ದೇ ತಡ, ಒಳಮುಖವಾಗಿ ಪಟಪಟ ಬಡಿದುಕೊಳ್ಳತೊಡಗಿತು.

"ಬಂತು ನೋಡಿ, ಬಂತು!" ಎಂದಳು ಬಾಣಂತಿ, ಮಗುವಿನ ಮುಖಕ್ಕೆ ಸೆರಗು ಮುಚ್ಚುತ್ತ.

ಸ್ಟೂಲು ಹತ್ತಿ ಕಿಂಡಿಯಿಂದ ಕೆಳಗೆ ಇಣುಕಿದೆ. ಮೊದಲ ಮಹಡಿ ಹೊಲಿಗೆಯವರ ಗೋದಾಮು, ಐದಕ್ಕೇ ಬೀಗ ಬೀಳುತ್ತದೆ, ಕತ್ತಲಾಗಿತ್ತು. ಎರಡನೇ ಮಹಡಿಯ ಬಚ್ಚಲಲ್ಲಿ ದೀಪ ಉರಿಯುತ್ತಿತ್ತು, ಹೊಗೆ ಹೊರಗೆ ತಳ್ಳುವ ಫ್ಯಾನು ಗಿರಗಿರ ತಿರುಗುತ್ತಿತ್ತು. ಹಲ್ಲಿನ ಡಾಕ್ಟರ ಮನೆ. ಕೇಳುವ ಮೊದಲೇ ಪೆನ್ನು ತೆಗೆದವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಇನ್ನೊಬ್ಬನ ಹೆಗಲಿಗೇ ಕಾಯಿ ಹೊರಿಸಿದ್ದರು.

ಇಳಿದು ಹೋಗಿ ಬಾಗಿಲು ಬಡಿದೆ. ಡಾಕ್ಟರು ತಲೆ ಒರೆಸಿಕೊಳ್ಳುತ್ತ ಬಂದರು. ಕಾಗದದ ಪಟ್ಟಿಯ ವಿಷಯ ಹೇಳಿದೆ. ಒಂದು ಗಳಿಗೆ ಅವರ ಮುಖ ಬಿಳಚಿಕೊಂಡಿತು, ಆಮೇಲೆ ಗಟ್ಟಿಯಾಯಿತು.

"ಮೇಸ್ತ್ರಿಗಳೇ, ನಾಲ್ಕನೇ ಮಹಡಿ ಅಂತ ನೀವೇ ಬರೆದುಕೊಟ್ಟಿದ್ದೀರಿ. ನಿಮ್ಮ ಮೂಗು ತಪ್ಪೋದುಂಟಾ? ಒಂದು ಚೂರು ಕಾಗದ ಅಲ್ಲಾಡಿತು ಅಂತ ನನ್ನ ಮೇಲೆ ಹೇಳ್ತೀರಾ? ಬೇಕಾದ್ರೆ ಒಳಗೆ ಬಂದು ಮೂಸಿ ನೋಡಿ."

ಅಷ್ಟು ಧೈರ್ಯದಿಂದ ಕರೆದದ್ದು ನನ್ನ ಮುಖದಲ್ಲಿ ಏನೋ ಕಂಡೋ, ಸುಮ್ಮನೆ ಭಂಡತನಕ್ಕೋ ಗೊತ್ತಿಲ್ಲ. ಅವರಿಂದ ಒಂದು ಮೊಳ ದೂರದಲ್ಲಿ ನಿಂತಿದ್ದೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಹಿಡಿಯುತ್ತಿದ್ದರು. ಬಾಣಂತಿಯನ್ನೋ ಹೆಂಡತಿಯನ್ನೋ ಕೂಗಬಹುದಿತ್ತು. ಕೂಗಿದರೆ, ನಿಮ್ಮ ಮೂಗಿಗೇನಾಗಿದೆ ಎಂದು ಎಲ್ಲರೂ ಕೇಳುತ್ತಿದ್ದರು. ಬಾಲ ಮುದುರಿಕೊಂಡು ಇಳಿದು ಬಂದೆ.

ಅವತ್ತು ನನಗೆ ಒಂದು ಸ್ಪಷ್ಟವಾಯಿತು. ಡಾಕ್ಟರ ಪರವಾಗಿ ಸಾಕ್ಷಿ ನಿಂತಿದ್ದವನು ನಾನೇ. ನಾನೇ ಬರೆದ ಪತ್ರ ಸುಳ್ಳು ಎಂದು ಹೇಳದೆ ಆ ಹುಡುಗನ ಮನೆ ಉಳಿಯುವುದಿಲ್ಲ. ಹೇಳಿದರೆ ನನ್ನ ಮನೆ ಉಳಿಯುವುದಿಲ್ಲ. ಓನರಮ್ಮನಿಗೆ ಫೋನು ಮಾಡಿ, "ಭಾನುವಾರ ಒಂದು ಸಲ ಬನ್ನಿಯಮ್ಮ, ಎಲ್ಲರ ಎದುರಿಗೆ ಹೇಳೋ ಮಾತಿದೆ" ಎಂದೆ.

ಭಾನುವಾರ ಬೆಳಿಗ್ಗೆ ಎಲ್ಲರೂ ನೆಲಮಹಡಿಯ ಮೆಟ್ಟಿಲ ಬುಡದಲ್ಲಿ ಸೇರಿದರು. ಓನರಮ್ಮನಿಗೆ ನನ್ನ ಕುರ್ಚಿ ಹಾಕಿದೆ. ಬಾಣಂತಿ ಮಗುವನ್ನು ತಟ್ಟುತ್ತ ಗೋಡೆಗೆ ಒರಗಿದ್ದಳು. ಡಾಕ್ಟರು ಇಸ್ತ್ರಿ ಮಾಡಿದ ಅಂಗಿಯಲ್ಲಿದ್ದರು. ಜುಟ್ಟೂ ಅವನ ತಂಗಿಯೂ ಮೇಲಿನ ಮೆಟ್ಟಿಲಲ್ಲಿ ಕೂತಿದ್ದರು. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಮಂಡಿ ನೋವು, ಬಹಳ ಹೊತ್ತು ನಿಲ್ಲಲಾರಳು. ಹಾಗಿದ್ದೂ ವರ್ಷಕ್ಕೂ ಹೆಚ್ಚಾಯಿತು, ದಿನಾ ಬೆಳಿಗ್ಗೆ ನಾಲ್ಕು ಮಹಡಿ ಹತ್ತಿ ಇಳಿಯುತ್ತಾಳೆ. ಹತ್ತಿದರೆ ಮಂಡಿ ಸಡಿಲವಾಗುತ್ತದೆ ಎಂದು ಯಾರೋ ಡಾಕ್ಟರು ಹೇಳಿದ್ದಾರಂತೆ. ಒಂದೊಂದು ಮೆಟ್ಟಿಲಿಗೂ ಅವಳು "ಅಮ್ಮಾ" ಎನ್ನುವುದು ಕೆಳಗೆ ಕೇಳುತ್ತದೆ, ಬೇಡ ಎಂದರೂ ಬಿಡುವುದಿಲ್ಲ. ಇನ್ನು ಈ ಮಂಡಿ ಇಟ್ಟುಕೊಂಡು ಇವಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು ಯೋಚಿಸುತ್ತಲೇ ಬಾಯಿ ತೆರೆದೆ.

"ಅಮ್ಮ, ನಾನು ಬರೆದ ಪತ್ರ ಸುಳ್ಳು. ನಾಲ್ಕನೇ ಮಹಡೀಲಿ ನನಗೆ ಯಾವ ವಾಸನೆಯೂ ಬರಲಿಲ್ಲ. ಮೂರನೇ ಮಹಡೀಲೂ ಬರಲಿಲ್ಲ. ಹದಿನಾಲ್ಕು ತಿಂಗಳಿಂದ ನನಗೆ ಯಾವ ವಾಸನೆಯೂ ಬರ್ತಿಲ್ಲ. ಜ್ವರದಲ್ಲಿ ಹೋಯ್ತು. ಕೆಲಸ ಹೋಗುತ್ತೆ ಅನ್ನೋ ಭಯಕ್ಕೆ ಮುಚ್ಚಿಟ್ಟೆ. ನನ್ನ ಹೆಸರು ಉಳಿಸ್ಕೊಳ್ಳೋಕೆ ಈ ಹುಡುಗನ ಹೆಸರು ಕೆಡಿಸಿದೆ. ಕ್ಷಮಿಸಪ್ಪ. ನೀನೂ ಕ್ಷಮಿಸಮ್ಮ."

ಡಾಕ್ಟರ ಹೆಸರನ್ನು ನಾನು ಎತ್ತಲಿಲ್ಲ. ನಾನೇ ಸುಳ್ಳ ಎಂದು ಒಪ್ಪಿಕೊಂಡವನು ಇನ್ನೊಬ್ಬನ ಕಡೆ ಬೆರಳು ತೋರಿಸುವುದು ಹೇಗೆ? ಅಷ್ಟರಲ್ಲಿ ಡಾಕ್ಟರೇ ಕೆಮ್ಮಿದರು.

"ಆ ಹುಡುಗ ಅಲ್ಲ. ನಾನು" ಎಂದರು. ಕಣ್ಣು ಅಂಗಿಯ ಗುಂಡಿಯ ಮೇಲಿತ್ತು. "ದಿನವಿಡೀ ಜನ ನನ್ನ ನೋಡಿ ಹೆದರಿ ಬಾಯಿ ಮುಚ್ಕೊಳ್ತಾರೆ. ಸಂಜೆ ಮನೆಗೆ ಬಂದ್ರೆ ಮಾತಾಡೋಕೆ ಒಂದು ನರಪಿಳ್ಳೆಯೂ ಇಲ್ಲ. ಫ್ಯಾನು ಹಾಕಿದ್ರೆ ಹೊಗೆ ಆಕಾಶಕ್ಕೆ ಹೋಗುತ್ತೆ ಅಂದ್ಕೊಂಡಿದ್ದೆ. ಮಗುವಿಗೆ ಹೋಗ್ತಿದೆ ಅಂತ ಗೊತ್ತಾದ ಮೇಲೂ ಬಿಡಲಿಲ್ಲ, ಸಹಿ ಹಾಕಿದೆ. ಮೇಸ್ತ್ರಿಗಳು ಇಷ್ಟು ಹೇಳಿದ ಮೇಲೆ ನಾನು ಸುಮ್ಮನಿದ್ರೆ ಮನುಷ್ಯ ಅಲ್ಲ."

ಬಾಣಂತಿ ಜುಟ್ಟಿನ ಕಡೆ ತಿರುಗಿ, "ನಾನೂ ಕೂದಲು ನೋಡಿ ನಂಬಿಬಿಟ್ಟೆ ಕಣಪ್ಪ" ಎಂದಳು.

"ಪರವಾಗಿಲ್ಲ ಅಕ್ಕ. ನನ್ನ ತಂಗಿ ವರ್ಷದಿಂದ ಕತ್ತರಿ ಹಿಡ್ಕೊಂಡು ಕಾಯ್ತಿದ್ದಾಳೆ" ಎಂದ ಅವನು. ಹುಡುಗಿ ಮೊದಲ ಸಲ ನಕ್ಕಳು.

ಓನರಮ್ಮ ನೋಟಿಸನ್ನು ಎರಡು ತುಂಡು ಮಾಡಿದರು. ಡಾಕ್ಟರಿಗೆ, ಇನ್ನೊಂದು ದಿನ ಹೊಗೆ ಬಂದರೆ ಅದೇ ತಿಂಗಳು ಮನೆ ಖಾಲಿ ಎಂದರು, ಡಾಕ್ಟರು ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು.

"ಮೇಸ್ತ್ರಿ, ಈ ಕಟ್ಟಡದಲ್ಲಿ ಒಂದು ಸಲ ಬೆಂಕಿ ಬಿದ್ದಿದೆ. ನಾನು ನಿಮ್ಮ ಮೂಗು ನಂಬ್ಕೊಂಡು ಮನೇಲಿ ನಿದ್ದೆ ಮಾಡ್ತಿದ್ದೆ. ಹದಿನಾಲ್ಕು ತಿಂಗಳು ಈ ಕಟ್ಟಡ ಕಾದಿದ್ದು ಯಾರು ಹಾಗಾದ್ರೆ?"

"ನಾನು" ಎಂದಳು ನನ್ನ ಹೆಂಡತಿ.

ಎಲ್ಲರೂ ತಿರುಗಿದೆವು. ಅವಳು ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

"ದಿನಾ ಬೆಳಿಗ್ಗೆ ಎಲ್ಲರೂ ಒಲೆ ಹಚ್ಚೋ ಹೊತ್ತಿಗೆ ನಾಲ್ಕು ಮಹಡಿ ಹತ್ತಿ, ಒಂದೊಂದು ಬಾಗಿಲ ಹತ್ರ ನಿಂತು ಮೂಸಿ ಬರ್ತೀನಿ. ಒಂದು ಸಲ ಗ್ಯಾಸು, ಒಂದು ಸಲ ಸುಡೋ ಬಟ್ಟೆ ಸಿಕ್ಕಿತ್ತು. ಇವರನ್ನ ಕಳಿಸ್ದೆ. ಬಚ್ಚಲ ಹೊಗೆ ಮೆಟ್ಟಿಲಿಗೆ ಬರಲ್ಲ, ಅದಕ್ಕೇ ಗಾಂಜಾ ನನಗೆ ಸಿಕ್ಕಲಿಲ್ಲ. ಇಲ್ದಿದ್ರೆ ಈ ಹುಡುಗನಿಗೆ ಇಷ್ಟು ಬೇಜಾರಾಗೋಕೆ ಬಿಡ್ತಿರಲಿಲ್ಲ. ಇವರನ್ನ ಕೆಲಸದಿಂದ ತೆಗೀಬೇಕು ಅಂದ್ರೆ ತೆಗೀರಿ ಅಮ್ಮ. ಕಟ್ಟಡ ಕಾಯ್ಲಿಲ್ಲ ಅಂತ ಮಾತ್ರ ಅನ್ಬೇಡಿ."

ಮಂಡಿ ನೋವಿರುವವಳಿಗೆ ಮೆಟ್ಟಿಲು ಹತ್ತು ಎಂದು ಹೇಳುವ ಡಾಕ್ಟರು ಲೋಕದಲ್ಲಿ ಇದ್ದಾರೆಯೇ? ವರ್ಷಕ್ಕೂ ಹೆಚ್ಚು ಕಾಲ ಆ "ಅಮ್ಮಾ" ಕೇಳಿಸಿಕೊಂಡು, ಟೀ ಕುಡಿಯುತ್ತ ಕೆಳಗೆ ಕೂತಿದ್ದೆನಲ್ಲ. ನನಗೆ ಅಳು ಬಂತು. ಎಲ್ಲರ ಎದುರಿಗೇ ಅತ್ತೆ.

ಓನರಮ್ಮ ಬಹಳ ಹೊತ್ತು ನನ್ನ ಹೆಂಡತಿಯ ಕಾಲುಗಳನ್ನೇ ನೋಡಿದರು. "ಗ್ಯಾಸು ಸೋರಿದ್ರೆ ಕೂಗೋ ಯಂತ್ರ ಬರುತ್ತೆ. ಎಲ್ಲ ಅಡುಗೆಮನೆಗೂ ಹಾಕಿಸ್ತೀನಿ. ಈಯಮ್ಮನ ಮಂಡಿ ಉಳೀಲಿ. ಕೆಲಸ ಇನ್ನು ಮೇಲೆ ಇಬ್ಬರ ಹೆಸರಲ್ಲೂ ಇರಲಿ" ಎಂದು ಎದ್ದರು. ಬಾಗಿಲ ಹತ್ತಿರ ನಿಂತು, "ಪೈಪಿನ ವಿಷಯಕ್ಕೆ ತಲೆ ಓಡಿಸಿ ಮೇಸ್ತ್ರಿ, ಮೂಗಿನ ವಿಷಯ ಅವರಿಗೆ ಬಿಡಿ" ಎಂದರು.

ಸಂಜೆ ಹೆಂಡತಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳ ಮಂಡಿಗೆ ಬಿಸಿನೀರಿನ ಬಟ್ಟೆ ಇಡುತ್ತ ಕೇಳಿದೆ, "ಹೇಗೆ ಗೊತ್ತಾಯ್ತು ನಿನಗೆ? ನಾನು ಒಂದು ದಿನವೂ ಘಮ್ ಅನ್ನೋದು ತಪ್ಪಿಸಿರಲಿಲ್ಲ."

"ಅದೇ ಮೊದಲ ಅನುಮಾನ. ಅದಕ್ಕೆ ಮುಂಚೆ ಯಾವತ್ತು ಅಂದಿದ್ರಿ?" ಎಂದಳು. ಆಮೇಲೆ ದನಿ ತಗ್ಗಿಸಿದಳು. "ಜ್ವರ ಬಿಟ್ಟ ಮೇಲೆ ನೀವು ಮನೆಗೆ ಬರುವಾಗ ಔಷಧಿ ಅಂಗಡಿ ಅನ್ನೋದು ನಿಲ್ಲಿಸಿಬಿಟ್ರಿ. ನಾಲ್ಕು ದಿನ ಕಾದೆ. ಐದನೇ ದಿನ ಎಣ್ಣೆ ಬದಲಾಯಿಸಿದೆ. ಅವತ್ತೂ ನನ್ನ ಪಕ್ಕದಲ್ಲೇ ಕೂತು ಊಟ ಮಾಡಿದ್ರಿ, ಏನೂ ಅನ್ನಲಿಲ್ಲ. ರಾತ್ರಿ ನೀವು ಮಲಗಿದ ಮೇಲೆ ಸ್ವಲ್ಪ ಅತ್ತೆ. ಬೆಳಿಗ್ಗೆ ಎದ್ದು ಮೆಟ್ಟಿಲು ಹತ್ತಿದೆ."

ಅಡುಗೆ ಹೊಗಳುವುದನ್ನು ಮರೆಯದವನು, ಅವಳನ್ನು ಗೇಲಿ ಮಾಡುವುದನ್ನು ಮರೆತಿದ್ದೆ. ಮುಂದಕ್ಕೆ ಬಗ್ಗಿ ಅವಳ ಕೂದಲಿಗೆ ಮುಖವಿಟ್ಟೆ. ನುಣ್ಣಗಿತ್ತು, ಬೆಚ್ಚಗಿತ್ತು. ಬೇರೇನೂ ಇಲ್ಲ.

"ಈಗ ಹಚ್ಚಿರೋದು ಯಾವ ಎಣ್ಣೆ?"

"ಹೇಳಲ್ಲ. ಮೂಗು ವಾಪಸು ಬಂದ ದಿನ ನೀವೇ ಹೇಳಿ."

"ಬರದೇ ಇದ್ರೆ?"

"ಬರದಿದ್ರೆ ಬೇಡ. ಸುಮ್ಮನೆ ಬಾಯಲ್ಲಾದ್ರೂ ಅನ್ನಿ. ಅದನ್ನ ಕೇಳಿ ಹದಿನಾಲ್ಕು ತಿಂಗಳಾಯ್ತು."

ನಾನು ಎದ್ದು ಚಪ್ಪಲಿ ಹಾಕಿಕೊಂಡು ಹೊರಗೆ ಹೋದೆ. ಬೀದಿ ಬಾಗಿಲವರೆಗೂ ಹೋಗಿ, ತಿರುಗಿ ಬಂದು, ನಮ್ಮ ಕೋಣೆಯ ಹೊಸ್ತಿಲಲ್ಲಿ ನಿಂತು, ನಾಲ್ಕು ಮಹಡಿಗೂ ಕೇಳುವ ಹಾಗೆ ಕೂಗಿದೆ: "ಔಷಧಿ ಅಂಗಡಿ ಬಾಗಿಲು ತೆರೀತು!"